ಆಗಸ್ಟ್ 1ರಿಂದ ಜೀವಂತ ಲಾಬ್‌ಸ್ಟರ್ ಮಾತ್ರ: ನಮ್ಮ ಮೀನೂಟದ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮಳೆಗಾಲದಲ್ಲಿ ಯಂತ್ರದ ಬೋಟುಗಳು ಬಲೆ ಎಳೆದು ಮೀನು ಹಿಡಿಯದಂತೆ ಇರುವ ಟ್ರಾಲಿಂಗ್ ನಿಷೇಧ ಈ ಸಲ ಜುಲೈ 31ರ ನಡುರಾತ್ರಿಗೆ ಮುಗಿಯುತ್ತದೆ. ಅದರ ಮರುದಿನದಿಂದ, ಅಂದರೆ ಆಗಸ್ಟ್ 1ರಿಂದ, ಕಾಸರಗೋಡು ಜಿಲ್ಲೆಯ ಕುಂಬಳೆ ಕಡಲ ಬದಿಯ ನಮ್ಮ ಸಹಕಾರಿ ಮೀನೂಟದ ಮನೆಯಲ್ಲಿ ಲಾಬ್‌ಸ್ಟರ್ ಸಿಗುವ ಕ್ರಮ ಬದಲಾಗುತ್ತದೆ. ಫ್ರೀಜ್ ಮಾಡಿದ ಲಾಬ್‌ಸ್ಟರ್ ಬಾಲ ತರಿಸುವುದನ್ನು ನಿಲ್ಲಿಸಿದ್ದೇವೆ. ದಿನವೂ ಒಂದೇ ದರಕ್ಕೆ ಕೊಡುತ್ತಿದ್ದ ಲಾಬ್‌ಸ್ಟರ್ ಪ್ಲೇಟ್ ಇನ್ನು ಇರುವುದಿಲ್ಲ. ದೋಣಿಯಲ್ಲಿ ಬಂದದ್ದು, ಜೀವ ಇರುವುದು, ನಿಮ್ಮೆದುರೇ ತೂಗಿದ್ದು, ಅಷ್ಟನ್ನೇ ಬೇಯಿಸುತ್ತೇವೆ. ಬಾರದ ದಿನ ಬೋರ್ಡಿನಲ್ಲಿ ಲಾಬ್‌ಸ್ಟರ್ ಎಂದು ಬರೆಯುವುದೇ ಇಲ್ಲ.

ಕಾರಣ ನೇರವಾದದ್ದು. ನಮಗೆ ಮೀನು ಕೊಡುವ ದೋಣಿಗಳಲ್ಲಿ ಯಾವುದೂ ಲಾಬ್‌ಸ್ಟರಿಗೆಂದೇ ಕಡಲಿಗೆ ಇಳಿಯುವುದಿಲ್ಲ. ಬಂಡೆಯ ಪಕ್ಕ ಬಿಟ್ಟ ಬಲೆಗೆ ಒಂದೆರಡು ಸಿಕ್ಕಿಕೊಳ್ಳುತ್ತವೆ. ಟ್ರಾಲ್ ಬೋಟಿನಲ್ಲಿ ಸಿಗಡಿ, ಬೊಂಡಾಸಿನ (ಸ್ಕ್ವಿಡ್) ಜೊತೆ ಚಪ್ಪಟೆ ಜಾತಿಯ ಲಾಬ್‌ಸ್ಟರ್ ಬರುತ್ತವೆ. ಲಾಬ್‌ಸ್ಟರನ್ನೇ ನೆಚ್ಚಿಕೊಂಡ ಮೀನುಗಾರಿಕೆ ನೋಡಬೇಕಾದರೆ ಕನ್ಯಾಕುಮಾರಿ ಜಿಲ್ಲೆಯ ಕೊಳಚಲ್, ಮುಟ್ಟಂ ಕಡೆಯ ಬಂಡೆಗಡಲಿಗೆ ಹೋಗಬೇಕು. ಇಲ್ಲಿ ವರ್ಷದ ಎಲ್ಲ ದಿನವೂ ಒಂದೇ ದರಕ್ಕೆ ಲಾಬ್‌ಸ್ಟರ್ ಕೊಡಬೇಕೆಂದರೆ ಅದು ಫ್ರೀಜರಿನಿಂದಲೇ ಬರಬೇಕು. ಫ್ರೀಜರಿನ ಬಾಲಕ್ಕೆ ಮೇಲಿಂದ ಮಂಜಿನ ಲೇಪ ಇರುತ್ತದೆ. ಕರಗಿಸಿದಾಗ ನೀರು ಬಸಿದುಹೋಗಿ ತೂಕ ಇಳಿಯುತ್ತದೆ, ಮಾಂಸದ ಸಿಹಿಯೂ ಆ ನೀರಿನೊಂದಿಗೇ ಹೋಗುತ್ತದೆ. ಉಳಿದ ನಾರಿಗೆ ರುಚಿ ಬರಿಸಲು ಮಸಾಲೆ ಗಟ್ಟಿಯಾಗಿ ಹಚ್ಚಬೇಕಾಗುತ್ತದೆ. ಕಡಲ ದಂಡೆಯಲ್ಲಿ ಕೂತು ತಿನ್ನುವವರಿಗೆ ಅದನ್ನು ಕೊಡುವುದು ನ್ಯಾಯವಲ್ಲ ಎಂಬುದು ಸಂಘದ ತೀರ್ಮಾನ.

ಇನ್ನು ಬುಕ್ ಮಾಡುವ ವಿಷಯ. ಹಿಂದಿನ ದಿನ ಸಂಜೆ 7ರೊಳಗೆ ಬಿಲ್ಲಿನಲ್ಲಿರುವ ನಂಬರಿಗೆ ಕರೆ ಮಾಡಿ, ಎಷ್ಟು ಜನ, ಸುಮಾರು ಎಷ್ಟು ತೂಕ ಬೇಕು ಎಂದು ಹೇಳಿ. ದೋಣಿಗಳು ಬಂದ ಮೇಲೆ ಬೆಳಿಗ್ಗೆ 9ರೊಳಗೆ ಉಂಟು ಅಥವಾ ಇಲ್ಲ ಎಂದು ನಾವೇ ತಿಳಿಸುತ್ತೇವೆ. ಉಂಟು ಎಂದಮೇಲೆ 500 ರೂಪಾಯಿ ಮುಂಗಡ. ಇಲ್ಲ ಎಂದರೆ ಒಂದು ಪೈಸೆಯೂ ಬೇಡ. ಕಿಲೋ ದರ ಆ ದಿನದ್ದು, ಬೆಳಿಗ್ಗೆ ಬೋರ್ಡಿನಲ್ಲಿ ಬರೆದಿರುತ್ತೇವೆ. ಬೇಯಿಸುವ ಕೂಲಿ ಒಂದಕ್ಕೆ 200 ರೂಪಾಯಿ, ಗಾತ್ರ ಎಷ್ಟೇ ಇರಲಿ.

ತೂಕದ ಬಗ್ಗೆ ಒಂದು ಮಾತು ಮೊದಲೇ ತಿಳಿದಿದ್ದರೆ ಒಳ್ಳೆಯದು. ವಿಡಿಯೋಗಳಲ್ಲಿ ಕಾಣುವ, ಎರಡು ದಪ್ಪ ಚಿಮಟದಂಥ ಕೈ ಇರುವ ಲಾಬ್‌ಸ್ಟರ್ ಅಟ್ಲಾಂಟಿಕ್ ಕಡಲಿನದು. ನಮ್ಮ ಕಡಲಿನದಕ್ಕೆ ಆ ಕೈಗಳಿಲ್ಲ, ಉದ್ದನೆಯ ಮುಳ್ಳುಮುಳ್ಳಾದ ಎರಡು ಮೀಸೆ ಇವೆ. ಹಾಗಾಗಿ ಮಾಂಸ ಹೆಚ್ಚುಕಡಿಮೆ ಪೂರ್ತಿ ಬಾಲದಲ್ಲೇ. ಇಡೀ ತೂಕದ ಸುಮಾರು ಮೂರನೇ ಒಂದು ಪಾಲು ತಿನ್ನಲು ಸಿಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. 600 ಗ್ರಾಮಿನ ಒಂದರಲ್ಲಿ 200 ಗ್ರಾಂ ಮಾಂಸ. ಇದು ಇಬ್ಬರಿಗೆ ರುಚಿ ನೋಡಲು ಸಾಕು, ಹೊಟ್ಟೆ ತುಂಬಲು ಸಾಲದು. ನಾಲ್ಕು ಜನ ಬರುವುದಾದರೆ ಒಂದು ದೊಡ್ಡದು ಹೇಳಿ, ಜೊತೆಗೆ ಬಂಗುಡೆಯನ್ನೋ ಕಾಣೆಯನ್ನೋ ಇಟ್ಟುಕೊಳ್ಳಿ ಎಂಬುದೇ ನಮ್ಮ ಸಲಹೆ.

300 ಗ್ರಾಮಿಗಿಂತ ಸಣ್ಣ ಮುಳ್ಳು ಲಾಬ್‌ಸ್ಟರನ್ನು, 150 ಗ್ರಾಮಿಗಿಂತ ಸಣ್ಣ ಚಪ್ಪಟೆ ಲಾಬ್‌ಸ್ಟರನ್ನು ನಾವು ಕೊಳ್ಳುವುದಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಕನಿಷ್ಠ ತೂಕ ಗೊತ್ತುಮಾಡಿತು. ಮುಳ್ಳು ಲಾಬ್‌ಸ್ಟರುಗಳಲ್ಲಿ, ಬಾಲದ ಪ್ರತಿ ಗೆಣ್ಣಿಗೂ ಅಡ್ಡಕ್ಕೆ ಬಿಳಿ ಗೆರೆ ಇರುವ ಪಾಲಿಫ್ಯಾಗಸ್ ಜಾತಿಗೆ 300 ಗ್ರಾಂ, ಹೊಮಾರಸ್ ಜಾತಿಗೆ 200, ದೊಡ್ಡದಾಗಿ ಬೆಳೆಯುವ ಆರ್ನೇಟಸ್‌ಗೆ 500, ಚಪ್ಪಟೆಯದಕ್ಕೆ 150. ಆರ್ನೇಟಸ್ ನಮ್ಮಲ್ಲಿ ಬಂದರೆ ಅದಕ್ಕೆ 500 ಗ್ರಾಮಿನ ಮಿತಿಯನ್ನೇ ಇಟ್ಟುಕೊಳ್ಳುತ್ತೇವೆ. ಹೊಮಾರಸ್ಸಿಗೆ 200 ಸಾಕು ಎಂದಿದ್ದರೂ ನಾವು 300 ಇಟ್ಟಿದ್ದೇವೆ, ಏಕೆಂದರೆ 200 ಗ್ರಾಮಿನದರಲ್ಲಿ ಮಾಂಸ ಬರುವುದು ಒಂದು ಹಿಡಿ. ಮುಂಬೈ ಕಡಲಿನ ಚಪ್ಪಟೆ ಲಾಬ್‌ಸ್ಟರ್ ಮೀನುಗಾರಿಕೆ ಟ್ರಾಲ್ ಬಲೆಗಳ ಹೊಡೆತಕ್ಕೆ 1990ರ ದಶಕದಲ್ಲಿ ಕುಸಿದುಬಿದ್ದದ್ದು ಕಣ್ಣೆದುರಿಗೇ ಉಂಟು. ನಮ್ಮ ಕಡಲಿಗೂ ಆ ಗತಿ ಬರುವುದು ನಮಗೆ ಬೇಡ.

ಮೊಟ್ಟೆ ಹೊತ್ತ ಹೆಣ್ಣನ್ನೂ ಕೊಳ್ಳುವುದಿಲ್ಲ. ಲಾಬ್‌ಸ್ಟರ್ ಹೆಣ್ಣು ಮೊಟ್ಟೆಗಳನ್ನು ಬಾಲದ ಅಡಿಯ ಪುಟ್ಟ ಈಜುಕಾಲುಗಳಿಗೆ ಅಂಟಿಸಿಕೊಂಡು ತಿರುಗುತ್ತದೆ. ಹೊಸತಾಗಿ ಇಟ್ಟಾಗ ಬಣ್ಣ ಕಿತ್ತಳೆ, ಮರಿಯಾಗುವ ಹೊತ್ತಿಗೆ ಕಂದು. ಒಂದೊಂದು ಹೆಣ್ಣಿನಲ್ಲಿ ಲಕ್ಷಗಟ್ಟಲೆ ಇರುತ್ತವೆ. ದೋಣಿಯವರು ಜೀವಂತ ತಂದಿದ್ದರೆ ಹಿಂದಕ್ಕೆ ಕಡಲಿಗೆ ಬಿಡಲು ಹೇಳುತ್ತೇವೆ. ಮಾರುಕಟ್ಟೆಯಲ್ಲಿ ಕೆಲವರು ಮೊಟ್ಟೆಯನ್ನು ಕೆರೆದು ತೆಗೆದು ಮಾರುವುದುಂಟು. ಅದು ಗೊತ್ತಾಗುತ್ತದೆ: ಮಗುಚಿ ಹಾಕಿ ನೋಡಿದರೆ ಈಜುಕಾಲುಗಳ ಕೂದಲಿನಂಥ ಎಳೆಗಳು ಹರಿದಿರುತ್ತವೆ, ಬುಡದಲ್ಲಿ ಒಂದೆರಡು ಕಾಳು ಅಂಟಿಕೊಂಡೇ ಇರುತ್ತವೆ. ಬೇರೆಲ್ಲಿ ಕೊಳ್ಳುವಾಗಲೂ ದಯವಿಟ್ಟು ಮಗುಚಿ ನೋಡಿ.

ಜೀವ ಇದ್ದರೆ ಮಾತ್ರ ಎಂದು ಪಟ್ಟು ಹಿಡಿಯಲು ಅಡುಗೆಯ ಕಾರಣವೂ ಉಂಟು. ಲಾಬ್‌ಸ್ಟರ್ ಸತ್ತ ಕೂಡಲೇ ತಲೆಯೊಳಗಿನ ಜೀರ್ಣಗ್ರಂಥಿಯ ರಸ ಬಾಲದ ಕಡೆಗೆ ಇಳಿದು ಮಾಂಸವನ್ನು ಕರಗಿಸತೊಡಗುತ್ತದೆ. ತಲೆಯ ಹತ್ತಿರದ ಮಾಂಸ ಮೊದಲು ಹಿಟ್ಟಾಗುತ್ತದೆ. ಅಂಥದನ್ನು ಎಷ್ಟು ಚೆನ್ನಾಗಿ ಬೇಯಿಸಿದರೂ ಹಲ್ಲಿಗೆ ಗಟ್ಟಿ ಸಿಗುವುದಿಲ್ಲ. ನೀವೇ ಪರೀಕ್ಷೆ ಮಾಡಬಹುದು: ಬೆನ್ನು ಹಿಡಿದು ಎತ್ತಿದಾಗ ಬಾಲ ಹೊಟ್ಟೆಯ ಕಡೆಗೆ ಬಿಗಿಯಾಗಿ ಮಡಚಿ ಬಡಿಯಬೇಕು. ಜೋತುಬಿದ್ದರೆ ಬೇಡವೆನ್ನಿ. ಬೇಯಿಸಿದ ಮೇಲೂ ಗುರುತು ಉಳಿಯುತ್ತದೆ. ಬಾಲ ಸುರುಟಿಕೊಂಡಿದ್ದರೆ ಜೀವ ಇದ್ದಾಗಲೇ ಪಾತ್ರೆಗೆ ಹೋದದ್ದು, ನೇರ ಸಡಿಲ ಇದ್ದರೆ ಅನುಮಾನಿಸಿ.

ದೋಣಿಯಿಂದ ಅಡುಗೆಮನೆಗೆ ಬರುವ ತನಕ ಅದನ್ನು ಕಡಲ ನೀರಿನಲ್ಲಿ ಅದ್ದಿದ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಇಡುತ್ತೇವೆ. ಕಿವಿರು ಒದ್ದೆ ಇದ್ದರೆ ನೀರಿಲ್ಲದೆಯೂ ಕೆಲವು ಗಂಟೆ ಬದುಕುತ್ತದೆ. ಮನೆಗೆ ಒಯ್ಯುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಪಾಪ ಎಂದು ಬಾಲ್ದಿಯ ಬಾವಿ ನೀರಿಗೆ ಹಾಕುತ್ತಾರೆ. ಸಿಹಿನೀರು ಮೈಗೆ ನುಗ್ಗಿ ಸಾಯುತ್ತದೆ. ಐಸಿನ ಮೇಲೆ ನೇರವಾಗಿ ಇಟ್ಟರೂ ಕರಗಿದ ನೀರು ಅದೇ ಕೆಲಸ ಮಾಡುತ್ತದೆ. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಗೋಣಿ ಹಾಸಿ, ಅದರ ಮೇಲೆ ಲಾಬ್‌ಸ್ಟರ್ ಇಡಿ.

ಬೇಯಿಸುವ ಬಗೆಯನ್ನೂ ಎರಡಕ್ಕೆ ಇಳಿಸಿದ್ದೇವೆ. ಯಾವ ಬಗೆಯಾದರೂ ಮೊದಲು ಉಪ್ಪುನೀರು ಐಸಿನಲ್ಲಿ ಅರ್ಧ ಗಂಟೆ ಇಟ್ಟು ಮರಗಟ್ಟಿಸುತ್ತೇವೆ, ಆಮೇಲೆಯೇ ಕತ್ತಿ. ಹಬೆಯಲ್ಲಾದರೆ ಕರುಳು ತೆಗೆಯಬೇಕು. ಮೀಸೆಯ ಒಂದು ತುಂಡನ್ನು ಮುರಿದು, ಬಾಲದ ಅಡಿಯ ತೂತಿನೊಳಗೆ ತೂರಿಸಿ, ತಿರುವಿ ಎಳೆದರೆ ಮೀಸೆಯ ಮುಳ್ಳಿಗೆ ಸಿಕ್ಕಿ ಕರುಳು ಇಡಿಯಾಗಿ ಹೊರಬರುತ್ತದೆ. 500 ಗ್ರಾಮಿನದಕ್ಕೆ ನೀರು ಕುದಿ ಬಂದ ಮೇಲೆ 10ರಿಂದ 12 ನಿಮಿಷ ಹಬೆ. ಇನ್ನೊಂದು ಕಾವಲಿ: ಉದ್ದಕ್ಕೆ ಸೀಳಿ, ಕರಿಮೆಣಸು, ಉಪ್ಪು, ಬೆಳ್ಳುಳ್ಳಿ, ತೆಂಗಿನೆಣ್ಣೆ ಸವರಿ, ಚಿಪ್ಪಿನ ಬದಿ ಕೆಳಗೆ ಮಾಡಿ 6–7 ನಿಮಿಷ, ಕೊನೆಗೆ ಮಗುಚಿ 2 ನಿಮಿಷ. ಗಾಜಿನಂತೆ ಒಳ ಕಾಣುತ್ತಿದ್ದ ಮಾಂಸ ಪೂರ್ತಿ ಬೆಳ್ಳಗಾದರೆ ಆಯಿತು. ಶಾಖ ಅಳೆಯುವ ಕಡ್ಡಿ ಇದ್ದವರಿಗೆ ನಡುವಿನಲ್ಲಿ 63 ಡಿಗ್ರಿ. ಅಲ್ಲಿಂದ ಮುಂದೆ ಒಂದೊಂದು ನಿಮಿಷಕ್ಕೂ ನೀರು ಹಿಂಡಿಹೋಗಿ ಮಾಂಸ ರಬ್ಬರಾಗುತ್ತದೆ. “ಇನ್ನೂ ಸ್ವಲ್ಪ ಬೇಯಲಿ” ಎಂದು ಕೇಳಬೇಡಿ ಎಂದು ವಿನಂತಿ.

ಲಾಬ್‌ಸ್ಟರ್ ಘೀ ರೋಸ್ಟ್ ಇನ್ನು ಮಾಡುವುದಿಲ್ಲ. ಬ್ಯಾಡಗಿ ಮೆಣಸು, ಹುಳಿ, ತುಪ್ಪದ ಆ ಮಸಾಲೆ ಏಡಿಗೆ, ಸಿಗಡಿಗೆ ಚೆನ್ನ. ಅವೆರಡಕ್ಕೂ ಮುಂದುವರಿಯುತ್ತದೆ. ಲಾಬ್‌ಸ್ಟರಿನ ಮೆಲುಸಿಹಿ ಅದರಡಿಯಲ್ಲಿ ಮುಚ್ಚಿಹೋಗುತ್ತದೆ.

ಲಾಬ್‌ಸ್ಟರ್ ಇಲ್ಲದ ದಿನವೇ ಹೆಚ್ಚು, ಆ ದಿನ ಬಂದವರು ಸಪ್ಪೆ ಮುಖ ಮಾಡಬೇಕಾಗಿಲ್ಲ. ಆಗಸ್ಟ್ ಮೊದಲ ವಾರಗಳಲ್ಲಿ ಟ್ರಾಲ್ ಬೋಟುಗಳು ಸಣ್ಣ ಸಿಗಡಿ, ಬೊಂಡಾಸ್, ಮದಿಮಾಲ್ ಮೀನು ತುಂಬಿಕೊಂಡು ಬರುತ್ತವೆ, ದರವೂ ಇಳಿದಿರುತ್ತದೆ. ಬೊಂಡಾಸ್ ಎರಡು ನಿಮಿಷ ಜೋರು ಬೆಂಕಿಯಲ್ಲಿ ಬೇಯಬೇಕು, ಇಲ್ಲವೇ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ. ನಡುವೆ ನಿಲ್ಲಿಸಿದರೆ ಜಗಿಯಲಾಗದು. ಬೂತಾಯಿಯ (ಸಾರ್ಡೀನ್) ಹುಳಿಖಾರದ ಪುಳಿಮುಂಚಿ, ಬಂಗುಡೆ ಕಾವಲಿ ಫ್ರೈ, ಕುಚ್ಚಲಕ್ಕಿ ಅನ್ನ ಎಂದಿನಂತೆ ಮಧ್ಯಾಹ್ನ 12ರಿಂದ. ಕೇರಳದ ಕನಿಷ್ಠ ಅಳತೆಯ ನಿಯಮದಂತೆ ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರಿಗಿಂತ ಸಣ್ಣದು ನಮ್ಮ ಕಾವಲಿಗೆ ಬರುವುದಿಲ್ಲ. ಮರುವಾಯಿ ಚಿಪ್ಪನ್ನು ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಬಿಟ್ಟು ಮರಳು ಕಕ್ಕಿಸಿಯೇ ಸುಕ್ಕ ಮಾಡುತ್ತೇವೆ. ಬೆಂದರೂ ಬಾಯಿ ತೆರೆಯದ ಚಿಪ್ಪು ತಟ್ಟೆಯಲ್ಲಿ ಕಂಡರೆ ಬಿಡಿಸಲು ಹೋಗದೆ ಬದಿಗಿಡಿ.

ನಮ್ಮ ಜಿಲ್ಲೆಯ ಕಡಲೂಟದಲ್ಲಿ ಒಂದನ್ನೇ ಆರಿಸಿ ಎಂದರೆ ನಾವು ಹೇಳುವುದು ಕಲ್ಲುಮ್ಮಕಾಯ, ಅಂದರೆ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ. ತೆಂಕು ತುದಿಯ ಚೆರುವತ್ತೂರು, ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ 1990ರ ದಶಕದಿಂದ ಹಗ್ಗದಲ್ಲಿ ಬೆಳೆಸುತ್ತಾರೆ, ಹೆಚ್ಚಿನವರು ಹೆಂಗಸರ ಸ್ವಸಹಾಯ ಸಂಘದವರು, ವಿಧಾನ ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಕಲಿಸಿಕೊಟ್ಟದ್ದು. ಮಳೆ ನಿಂತು ನೀರು ಉಪ್ಪಾದ ಮೇಲೆ, ನವೆಂಬರ್–ಡಿಸೆಂಬರಿನಲ್ಲಿ, ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹತ್ತಿ ಬಲೆಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮ ನಾರಿನಿಂದ ಹಗ್ಗಕ್ಕೆ ಅಂಟಿರುತ್ತವೆ. ಮಳೆಗಾಲದ ಸಿಹಿನೀರು ಬಂದರೆ ಸಾಯುವುದರಿಂದ ಅದಕ್ಕೆ ಮೊದಲೇ ಕೊಯ್ಲು ಮುಗಿಯಬೇಕು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ತಿನ್ನಿ, ಆಗ ಮಾಂಸ ತುಂಬಿರುತ್ತದೆ. ಅಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೇಸೋಪು ತರಿತರಿ ರುಬ್ಬಿ ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ಬಿಡಿಸಿ, ಮೆಣಸಿನ ಮಸಾಲೆಯಲ್ಲಿ ಹೊರಳಿಸಿ ಕರಿದ ಅರಿಕಡುಕ್ಕ ನೀಲೇಶ್ವರ, ಚೆರುವತ್ತೂರು ಪೇಟೆಯ ಸಣ್ಣ ಚಹಾ ಅಂಗಡಿಗಳಲ್ಲಿ ಸಂಜೆ ಹೊತ್ತು ಸಿಗುತ್ತದೆ. ಬೇಕಲ ಕೋಟೆ ನೋಡಿ ತೆಂಕಿಗೆ ಹೋಗುವವರು ಅಲ್ಲಿಯೇ ತಿನ್ನಿ. ನಮ್ಮಲ್ಲಿ ಆ ಎರಡು ತಿಂಗಳು ಶನಿವಾರ, ಭಾನುವಾರ ಮಾತ್ರ.

ಬೇರೆಲ್ಲಿ ತಿಂದರೂ ಎರಡು ಪ್ರಶ್ನೆ ಕೇಳಿ: ಇವತ್ತಿನ ಮೀನು ಯಾವುದು, ಬೇಯಿಸುವ ಮೊದಲು ನೋಡಬಹುದೇ? ಮಂಜೇಶ್ವರ ಬಂದರಿನಿಂದ ಹೊಸದುರ್ಗದ (ಕಾಞಂಗಾಡ್) ತನಕ ಒಳ್ಳೆಯ ಅಂಗಡಿಯವರು ಯಾರೂ ಇದಕ್ಕೆ ಬೇಸರಿಸುವುದಿಲ್ಲ.

ಮುಂದಿನ ಮಳೆಗಾಲಕ್ಕೂ ಈಗಲೇ ತಿಳಿಸುತ್ತೇವೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ. ತಲಪಾಡಿ ಗಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ. ಈ ಅವಧಿಯಲ್ಲಿ ಲಾಬ್‌ಸ್ಟರ್ ಯಾವ ರೂಪದಲ್ಲೂ ಇರುವುದಿಲ್ಲ. ನಾಡದೋಣಿಯವರು ಕಡಲು ಬಿಟ್ಟಷ್ಟು ತಂದ ಮೀನು ಮಾತ್ರ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಲಾರಿಗಳಲ್ಲಿ ದೂರದ ಐಸು ಮೀನು ಬರುತ್ತದೆ. ಅದನ್ನು ನಾವು ಕೊಳ್ಳುವುದಿಲ್ಲ, ಹಾಗಾಗಿ ಕೆಲವು ದಿನ ಬಾಗಿಲು ಮುಚ್ಚಿರಬಹುದು. ಕರೆ ಮಾಡಿ ಬನ್ನಿ.

ಚಿಪ್ಪುಮೀನು, ಸಿಗಡಿ ಮೈಗೆ ಒಗ್ಗದವರು ಕುಳಿತ ಕೂಡಲೇ ಹೇಳಿ. ಕಾವಲಿ ಒಂದೇ ಆದ್ದರಿಂದ ನಿಮಗೆ ಬೇರೆ ಬಾಣಲೆ, ಹೊಸ ಎಣ್ಣೆ ಇಡುತ್ತೇವೆ. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ಎಲ್ಲೆಂದರಲ್ಲಿ ತಿರುಗಲಾಗದು. ಮಂಗಳೂರು ಕಡೆಯಿಂದ ಬರುವವರು ಕುಂಬಳೆಗೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿದುಕೊಳ್ಳಿ. ಈಗಾಗಲೇ ಆಗಸ್ಟಿಗೆ ಲಾಬ್‌ಸ್ಟರ್ ಪ್ಲೇಟ್ ಬುಕ್ ಮಾಡಿ ಹಣ ಕೊಟ್ಟವರು ಬಿಲ್ ತೋರಿಸಿ ಪೂರ್ತಿ ವಾಪಸ್ ಪಡೆಯಬಹುದು, ಇಲ್ಲವೇ ಅಷ್ಟಕ್ಕೆ ಬೇರೆ ಊಟ ಮಾಡಬಹುದು.

ಅಡುಗೆಮನೆ ಮತ್ತು ಮೀನು ಕೌಂಟರಿನ ಪರವಾಗಿ,
ಸಹಕಾರಿ ಸಂಘದ ಸದಸ್ಯರು
ಕುಂಬಳೆ, ಕಾಸರಗೋಡು ಜಿಲ್ಲೆ