ಪ್ರಸ್ತಾರ ಹಾಕಿದ ಕೈಗೂ ಓದಿ ಹೇಳಿದ ದನಿಗೂ

ಎಂ.ಎ. ಕನ್ನಡ ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಬಂದಿದೆ. ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದೇನೆ. ಅಭಿನಂದಿಸಲು ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಮಂದಿ ‘ಕಣ್ಣು ಕಾಣದಿದ್ದರೂ ಎಂಥ ಸಾಧನೆ’ ಎಂದರು. ಪ್ರೀತಿಯಿಂದ ಆಡಿದ ಮಾತು, ಬೇಸರವೇನಿಲ್ಲ. ಆದರೆ ಪಠ್ಯ ನನ್ನ ಕಿವಿಗೆ ಬರುವಂತೆ, ನನ್ನ ಉತ್ತರ ಕಾಗದಕ್ಕೆ ಇಳಿಯುವಂತೆ ಮಾಡಿದವರಿಗೆ ಯಾರೂ ಫೋನ್ ಮಾಡಿಲ್ಲ. ಹೆಸರು ಬೇಡವೆಂದು ಅವರಲ್ಲಿ ಕೆಲವರು ಮೊದಲೇ ಹೇಳಿಬಿಟ್ಟಿದ್ದಾರೆ. ಹೆಸರು ಬಿಟ್ಟು ಅವರು ಮಾಡಿದ ಕೆಲಸವನ್ನಷ್ಟೇ ಹೇಳುತ್ತೇನೆ.

ಮೊದಲು ನನ್ನ ಸ್ಕ್ರೈಬ್, ಎಂದರೆ ಪರೀಕ್ಷೆಯಲ್ಲಿ ನಾನು ಹೇಳಿದ ಉತ್ತರವನ್ನು ಬರೆಯುವವಳು. ಸುತ್ತೋಲೆಗಳ ಕನ್ನಡದಲ್ಲಿ ಲಿಪಿಕಾರರು. ಸ್ಕ್ರೈಬ್‌ನನ್ನು ನಾವೇ ಕರೆದೊಯ್ಯುವುದಾದರೆ ಅವರ ಓದು ನಮಗಿಂತ ಒಂದು ಹಂತ ಕೆಳಗಿರಬೇಕು ಎಂದು 2018ರ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ನನಗೆ ಸಿಕ್ಕವಳು ಬಿ.ಕಾಂ. ಓದುತ್ತಿದ್ದ ಹುಡುಗಿ. ‘ಅಕ್ಕ, ನನ್ನ ಕನ್ನಡ ಪಿಯುಸಿಯಲ್ಲೇ ಮುಗಿಯಿತು, ಆಮೇಲೆ ಬೈಯಬೇಡಿ’ ಎಂದು ಮೊದಲ ಭೇಟಿಯಲ್ಲೇ ಎಚ್ಚರಿಸಿದ್ದಳು. ಅಂಥವಳ ಪಾಲಿಗೆ ಬಂದದ್ದು ಛಂದಸ್ಸು!

ಇಬ್ಬರು ಸೇರಿ ಪ್ರಸ್ತಾರ ಹಾಕುವುದು, ಎಂದರೆ ಪದ್ಯದ ಲಘು ಗುರುಗಳನ್ನು ಗುರುತಿಸಿ ಗಣ ವಿಂಗಡಿಸುವುದು, ಹೇಗೆ ಎಂದು ಅನೇಕರು ಕೇಳುತ್ತಾರೆ. ಅವಳು ಪದ್ಯವನ್ನು ಅಕ್ಷರ ಅಕ್ಷರವಾಗಿ ಓದಬೇಕು. ನಾನು ಒಂದು ಮಾತ್ರೆಯದಕ್ಕೆ ಲಘು, ಎರಡು ಮಾತ್ರೆಯದಕ್ಕೆ ಗುರು ಎನ್ನುತ್ತಾ ಹೋಗಬೇಕು. ಅವಳು ಅಕ್ಷರದ ತಲೆಯ ಮೇಲೆ ಗುರುತು ಹಾಕಿ, ನಾನು ಹೇಳಿದಲ್ಲಿ ಗಣದ ಗೆರೆ ಎಳೆಯಬೇಕು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ನಿಯಮ ಅವಳಿಗೆ ತಿಳಿಯದಿದ್ದರೂ ನಡೆಯುತ್ತದೆ, ಒತ್ತನ್ನು ನುಂಗಿ ಓದಿದರೆ ಮಾತ್ರ ನನ್ನ ಲೆಕ್ಕವೆಲ್ಲ ಕೆಟ್ಟಿತು. ವಿಜಯನಗರದ ನಮ್ಮ ಮನೆಯ ತಾರಸಿಯಲ್ಲಿ ಸಂಜೆ ಹೊತ್ತು ಅಭ್ಯಾಸ ನಡೆಯುತ್ತಿತ್ತು. ಹಳಗನ್ನಡದ ಶಕಟರೇಫ ‘ಱ’ ಎದುರಾದಾಗ ‘ಇದು ತೆಲುಗಿನದಾ ಅಕ್ಕ?’ ಎಂದು ಕೇಳಿದ್ದಳು. ಕಂದಪದ್ಯದ ನಾಲ್ಕು ಸಾಲಿಗೆ ಒಟ್ಟು 64 ಮಾತ್ರೆ ಎಂದು ಗೊತ್ತಾದ ದಿನದಿಂದ ಅವಳ ವರಸೆಯೇ ಬದಲಾಯಿತು. ಜಮಾ ಖರ್ಚು ತಾಳೆ ಹಾಕಿ ಬೆಳೆದ ಹುಡುಗಿ. 63 ಬಂದರೆ ಏಳಲು ಬಿಡುತ್ತಿರಲಿಲ್ಲ. ‘ಒಂದು ಮಾತ್ರೆ ಎಲ್ಲೋ ಸೋರಿದೆ, ಮೊದಲಿನಿಂದ ಹೇಳಿ.’

ಪರೀಕ್ಷೆಯ ಕೋಣೆಯಲ್ಲಿ ಹಾಗೆ ಹೇಳುವಂತಿಲ್ಲ, ಹೇಳಲೂ ಇಲ್ಲ. ನಾನು ಹೇಳಿದ್ದನ್ನು ಬರೆದಳು, ಕೇಳಿದಾಗ ಓದಿದಳು, ಅಷ್ಟೇ. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಂಡಿ ‘ಅಕ್ಕ, ಸರಿಯಾಗಿ ಅರವತ್ತನಾಲ್ಕು’ ಎಂದಳು. ಮರುದಿನ ಅವಳಿಗೆ ಅವಳದೇ ಪರೀಕ್ಷೆಯಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ, ಅವಳ ತಾಯಿಯಿಂದ. ಆ ತಾಯಿಗೂ ನನ್ನ ನಮಸ್ಕಾರ.

ಮೂರು ಗಂಟೆಯ ಪತ್ರಿಕೆಗೆ ನನಗೆ ಸಿಗುತ್ತಿದ್ದ ಒಂದು ಗಂಟೆಯ ಹೆಚ್ಚುವರಿ ಸಮಯಕ್ಕೆ ಮಾತ್ರ ಧನ್ಯವಾದ ಹೇಳುವುದಿಲ್ಲ. ಒಂದು ಕೇಂದ್ರದಲ್ಲಿ ಮೇಲ್ವಿಚಾರಕರೊಬ್ಬರು ಅದನ್ನು ಪ್ರಸಾದ ಹಂಚುವ ಧಾಟಿಯಲ್ಲಿ ಕೊಟ್ಟರು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂಬುದು ಅದೇ ಮಾರ್ಗಸೂಚಿಯ ಮಾತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಮಗೆ ಕನಿಷ್ಠ ಶೇ 5ರಷ್ಟು ಸೀಟು ಎಂಬುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಧನ್ಯವಾದ ಸಲ್ಲಬೇಕಾದದ್ದು ಇವುಗಳಿಗಾಗಿ ಬೀದಿಗಿಳಿದವರಿಗೆ, ಕೋರ್ಟಿಗೆ ಅಲೆದವರಿಗೆ. 1995ರ ಕಾಯ್ದೆ ಗುರುತಿಸಿದ್ದ ಅಂಗವೈಕಲ್ಯಗಳು 7, ಈಗಿನದರಲ್ಲಿ 21. ಬರೆಯುವಾಗ ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದದ್ದರಿಂದ, ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಎಂಬ ಅಳತೆಗೆ ಸಿಗದವರಿಗೂ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ತೀರ್ಪು ಬಂತು. ಅವರನ್ನು ನಾನು ಕಂಡಿಲ್ಲ. ಅವರ ಋಣ ನನ್ನಂಥ ಎಲ್ಲರ ಮೇಲೂ ಇದೆ.

ಇನ್ನು ನಮ್ಮ ಮೇಷ್ಟ್ರು. ಕನ್ನಡ ವಿಭಾಗಗಳ ಟಿಪ್ಪಣಿಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿರುತ್ತವೆ. ನೋಡುವವರಿಗೆ ಅದು ಅಚ್ಚುಕಟ್ಟಾದ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ. ನಾನು ಬಳಸುವ ಎನ್‌ವಿಡಿಎ ಎಂಬ ಉಚಿತ ಓದು ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಾಗವಾಗಿ ಓದುತ್ತದೆ. ನುಡಿ ಫಾಂಟಿನದನ್ನು ಕೊಟ್ಟರೆ ‘ಕನ್ನಡ’ ಎಂಬ ಪದವನ್ನೇ ‘ಪಿ’ ಎಂದು ಶುರುಮಾಡಿ ಒದರತೊಡಗುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ನಿಜ. ಆದರೆ ಅವುಗಳ ಕೈಗೆ ಸಿಕ್ಕ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ಹಳಗನ್ನಡವಾದರೆ ಕೇಳುವುದೇ ಬೇಡ. ನಿವೃತ್ತಿಯ ಅಂಚಿನಲ್ಲಿದ್ದ ಮೇಷ್ಟ್ರು ಎರಡು ಸೆಮಿಸ್ಟರ್‌ಗಳ ಟಿಪ್ಪಣಿಯನ್ನು ಯೂನಿಕೋಡ್‌ಗೆ ತಂದು, ಸಾಲು ಸಾಲು ತಿದ್ದಿ, ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು. ‘ನಿನ್ನಿಂದಾಗಿ ನನ್ನ ಕಾಗುಣಿತವೂ ಸುಧಾರಿಸಿತು ಮಾರಾಯ್ತಿ’ ಎಂದರು. ಹೊಸದಾಗಿ ಟೈಪ್ ಮಾಡುವವರಾದರೂ ಮೊದಲೇ ಯೂನಿಕೋಡ್ ಬಳಸಬಾರದೇ? ಈ ಪ್ರಶ್ನೆಯನ್ನು ನಾನು ಎಲ್ಲೆಡೆ ಕೇಳುತ್ತಿರುತ್ತೇನೆ, ಇಲ್ಲಿಯೂ ಕೇಳಿಬಿಟ್ಟೆ.

ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯಲ್ಲಿರುವ, ಕಣ್ಣು ಕಾಣದವರಿಗಾಗಿ ದುಡಿಯುವ ಮಿತ್ರಜ್ಯೋತಿಗೆ ಚಿಕ್ಕಂದಿನಿಂದಲೂ ಋಣಿ. 1990ರಲ್ಲಿ ಶುರುವಾದ ಆ ಸಂಸ್ಥೆಯ ಧ್ವನಿಪುಸ್ತಕಗಳಿಂದಲೇ ನನಗೆ ಓದಿನ ಹುಚ್ಚು ಹತ್ತಿದ್ದು. ಎಂ.ಎ. ಪಠ್ಯದಲ್ಲಿ ಧ್ವನಿಗೆ ಬಾರದವುಗಳನ್ನು ಓದಿಕೊಟ್ಟವರು ಪಕ್ಕದ ಮನೆಯ ನಿವೃತ್ತ ಟೀಚರಮ್ಮ. ಅಡುಗೆಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಕಾವ್ಯಮೀಮಾಂಸೆಯ ರಸಪ್ರಕರಣದ ನಡುವೆ ಮೂರು ಸಲ ಕುಕ್ಕರ್ ಕೂಗುತ್ತದೆ, ಧ್ವನಿ ಸಿದ್ಧಾಂತಕ್ಕೆ ಬರುವಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನವಳ ದನಿ. ಅಳಿಸಿ ಮತ್ತೆ ಓದಲೇ ಎಂದು ಕೇಳಿದ್ದರು. ಬೇಡವೆಂದೆ. ಪರೀಕ್ಷೆಯಲ್ಲಿ ಸಂಚಾರಿ ಭಾವಗಳು ನೆನಪಾಗದೆ ತಡಕಾಡಿದಾಗ ಎರಡನೆಯ ಸೀಟಿಯ ನಂತರದ ವಾಕ್ಯ ತಾನಾಗಿ ಬಂತು.

ಮೆಟ್ರೋ ನಿಲ್ದಾಣದ ಸಿಬ್ಬಂದಿಗೂ ಧನ್ಯವಾದ. ಬೋಗಿಯವರೆಗೆ ಬಿಟ್ಟು, ಇಳಿಯುವ ನಿಲ್ದಾಣಕ್ಕೆ ತಿಳಿಸುತ್ತಿದ್ದರು. ಒಳಗಿನ ಉಬ್ಬುಗೆರೆಯ ಹಳದಿ ಹಾಸು ನಂಬಿಕಸ್ಥ. ಹೊರಗಿನ ಫುಟ್‌ಪಾತ್ ಬಗ್ಗೆ ಬರೆದರೆ ಇದು ಕೃತಜ್ಞತೆಯ ಬರಹವಾಗಿ ಉಳಿಯುವುದಿಲ್ಲ.

ಅಪ್ಪ ಅಮ್ಮನಿಗೆ ಮನೆಯಲ್ಲೇ ಹೇಳಿದ್ದೇನೆ.

ಮೇಷ್ಟ್ರು ತಿದ್ದಿದ ಟಿಪ್ಪಣಿಗಳು, ಟೀಚರಮ್ಮನ ಧ್ವನಿಮುದ್ರಿಕೆಗಳು ನನ್ನ ಬಳಿ ಇವೆ. ಯಾವ ವಿದ್ಯಾರ್ಥಿ ಕೇಳಿದರೂ ಕೊಡುತ್ತೇನೆ, ಅವರಿಬ್ಬರ ಒಪ್ಪಿಗೆಯೂ ಇದೆ. ಈ ಸಲ ನಮ್ಮ ವಿಭಾಗದ ಕಿರಿಯರಿಬ್ಬರಿಗೆ ಸ್ಕ್ರೈಬ್ ಬೇಕಾಗಿದ್ದಾರೆ. ಪದವಿ ಓದುತ್ತಿರಬೇಕು, ಒತ್ತಕ್ಷರ ನುಂಗದೆ ಓದಬೇಕು, ಅಕ್ಷರ ಸುಮಾರಾಗಿದ್ದರೂ ಸಾಕು. ಕಾಮರ್ಸಿನವರಾದರೆ ಇನ್ನೂ ಒಳ್ಳೆಯದು.