ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಕ್ಕನಿಗೆ

ಮಗಳಿಗೆ ಲಸಿಕೆ ಹಾಕಿಸಲು ಕಾಯುವಾಗ ಪಕ್ಕದಲ್ಲಿ ಕೂತಿದ್ದ ಅಕ್ಕಾ, ನಿಮ್ಮ ಹೆಸರು ಕೇಳಲೂ ಮರೆತೆ, ನಿದ್ದೆಗೆಟ್ಟ ತಲೆ ಅಲ್ವಾ. ಆಗ ಅವಳಿಗೆ 9 ತಿಂಗಳು, ರಾತ್ರಿಯಿಡೀ ಗಂಟೆಗೊಮ್ಮೆ ಏಳುತ್ತಿದ್ದಳು. ಪೂರ್ತಿ ನಿದ್ದೆ ಹತ್ತುವವರೆಗೆ ಕಾಯಬೇಡಿ, ಕಣ್ಣು ಎಳೆಯುವಾಗಲೇ ಹಾಸಿಗೆಯಲ್ಲಿ ಮಲಗಿಸಿ, ತೋಳಲ್ಲಿ ನಿದ್ದೆ ಹೋದ ಮಗು ನಡುವೆ ಎಚ್ಚರವಾದರೆ ಮತ್ತೆ ತೋಳನ್ನೇ ಹುಡುಕುತ್ತೆ ಅಂದಿರಿ. ಮುಲುಗಿದ ತಕ್ಷಣ ಎತ್ತಿಕೊಳ್ಳಬೇಡಿ, 2 ನಿಮಿಷ ನೋಡಿ ಅಂತಲೂ ಹೇಳಿದಿರಿ. ಆ 2 ನಿಮಿಷ ಇದೆಯಲ್ಲ, ಮೊದಲ ರಾತ್ರಿ ಬಾಗಿಲು ಹಿಡಿದುಕೊಂಡು ನಿಂತಿದ್ದೆ, ಅವಳಿಗಿಂತ ಜಾಸ್ತಿ ನಾನೇ ಅತ್ತೆ! ನಾಲ್ಕನೇ ರಾತ್ರಿ ಮುಲುಗಿದಳು, ಹೆಬ್ಬೆರಳು ಬಾಯಿಗಿಟ್ಟಳು, ಹಾಗೇ ಮಲಗಿಬಿಟ್ಟಳು. ಈಗ ಹಾಲಿಗೆ ಒಂದೇ ಸಲ ಏಳುತ್ತಾಳೆ. ನಿನ್ನೆ ಅದೂ ಇಲ್ಲ, ಗಾಬರಿಯಾಗಿ ನಾನೇ ಎದ್ದು ಸುಮ್ನೆ ಉಸಿರಾಡುತ್ತಿದ್ದಾಳಾ ಅಂತ ನೋಡಿ ಬಂದೆ. ತುಂಬಾ ಥ್ಯಾಂಕ್ಸ್ ಅಕ್ಕಾ.