ಮಂಗಳ ಹಾಡುವವರೆಗೂ ಕೂರುವ ಹಾಗೆ ಮಾಡಿ: ಮೈಸೂರಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಹೋದ ರಾಮನವಮಿಯ ಒಂದು ಸಂಜೆ ಸಂಗೀತ ಕಛೇರಿಯೊಂದರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಗಾಯಕಿ ಕಾಂಭೋಜಿ ರಾಗವನ್ನು ಮುಕ್ಕಾಲು ಗಂಟೆ ಹಾಡಿ, ಸ್ವರ ಮುಗಿಸಿ, ಮೃದಂಗದವರ ಕಡೆ ತಿರುಗಿ ತಲೆದೂಗಿದರು. ತನಿ, ಅಂದರೆ ಹಾಡು ನಿಂತು ಮೃದಂಗ ಮಾತ್ರ ನುಡಿಯುವ ಭಾಗ, ಶುರುವಾಯಿತು. ಅದೇ ಹೊತ್ತಿಗೆ ಸಭೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಒಬ್ಬರು ಕಾಲಲ್ಲೇ ಚಪ್ಪಲಿ ಹುಡುಕಿದರು, ಇನ್ನೊಬ್ಬರು ಚೀಲ ಹೆಗಲಿಗೇರಿಸಿದರು, ಮತ್ತೊಬ್ಬರು ದೂರದಿಂದಲೇ ವೇದಿಕೆಗೆ ಕೈಮುಗಿದು ಬಗ್ಗಿಕೊಂಡು ಹೊರಟರು. ನಾನು ಎಣಿಸಿದೆ. ಮೂವತ್ತೊಂದು ಜನ. ಬಹುಪಾಲು ಅರವತ್ತು ದಾಟಿದವರು, ಅದರಲ್ಲೂ ಹೆಂಗಸರೇ ಹೆಚ್ಚು. ಹೊಸಬರು ನೋಡಿದರೆ ಇವರಿಗೆಲ್ಲ ತನಿ ಎಂದರೆ ಬೇಸರ ಎಂದುಕೊಂಡಾರು. ಆದರೆ ಅವರು ತೊಡೆಯ ಮೇಲೆ ತಾಳ ಹಾಕಿಕೊಂಡೇ ಬಾಗಿಲ ತನಕ ನಡೆದರು. ಗಂಟೆ ಒಂಬತ್ತಾಗುತ್ತ ಬಂದಿತ್ತು. ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ.

ಈ ಪತ್ರ ಆ ಬಸ್ಸಿನ ವಿಚಾರಕ್ಕೆ. ಒಂದು ಬಸ್ಸಿಗಾಗಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬಳು ಜಿಲ್ಲಾಧಿಕಾರಿಗಳವರೆಗೆ ಬರಬೇಕೇ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ಎಂಟನೇ ಕ್ರಾಸಿನಿಂದಲೇ ಶುರುಮಾಡಬೇಕು.

ನಾನು ಹುಟ್ಟಿ ಬೆಳೆದದ್ದು ಒಂಟಿಕೊಪ್ಪಲಿನಲ್ಲಿ. ಕಾಗದಪತ್ರದಲ್ಲಿ ವಾಣಿವಿಲಾಸ ಮೊಹಲ್ಲ, ನಮ್ಮ ಬಾಯಲ್ಲಿ ಒಂಟಿಕೊಪ್ಪಲು. ಅಲ್ಲಿಯ ಎಂಟನೇ ಕ್ರಾಸಿನಲ್ಲಿ ಗಣಪತಿ ಕೂರಿಸಿ, ರಸ್ತೆಯಲ್ಲೇ ಚಪ್ಪರ ಹಾಕಿ ಕಛೇರಿ ನಡೆಸುವ ಪದ್ಧತಿಗೆ ಈಗ ಅರವತ್ತು ವರ್ಷ ಮೀರಿದೆ. ದೇಶದ ಎಂತೆಂಥ ವಿದ್ವಾಂಸರೋ ಆ ಚಪ್ಪರದಡಿ ಕೂತು ಹಾಡಿದ್ದಾರೆ, ನುಡಿಸಿದ್ದಾರೆ. ನಮ್ಮ ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅಣ್ಣ ಆಫೀಸಿನಿಂದ ಬಂದು, ಸೈಕಲ್ ಒಳಗಿಟ್ಟು, ಮುಖ ತೊಳೆದು, ಒಂದು ಲೋಟ ಕಾಫಿ ಕುಡಿದು, ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು. ನಾವು ಮಕ್ಕಳು ಹಿಂದೆ. ಅಮ್ಮ ರಾತ್ರಿಯ ಅಡುಗೆ ಮುಗಿಸಿ ಆಮೇಲೆ ಬರುತ್ತಿದ್ದಳು. ಅವಳು ಬರುವ ಹೊತ್ತಿಗೆ ಶುರುವಿನಲ್ಲಿ ಹಾಡುವ ವರ್ಣ ಮುಗಿದು ಎರಡು ಕೃತಿ ಆಗಿರುತ್ತಿತ್ತು. ಕಛೇರಿ ಮುಗಿಸುವ ಹಾಡಾದ ಮಂಗಳ ಮಾತ್ರ ಅವಳಿಗೆ ಒಂದು ದಿನವೂ ತಪ್ಪಿದ್ದಿಲ್ಲ. ಮನೆ ನಾಲ್ಕು ಹೆಜ್ಜೆ ಆಚೆಗಿತ್ತಲ್ಲ.

ಒಂದು ವರ್ಷ, ನನಗಾಗ ಹನ್ನೊಂದೋ ಹನ್ನೆರಡೋ, ತೋಡಿ ರಾಗದ ಆಲಾಪನೆ ನಡೆದಿರುವಾಗ ಭಾದ್ರಪದದ ಮಳೆ ಸುರಿಯಿತು. ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ತುಂಬಿ ಇಳಿಬಿತ್ತು. ಬೀದಿಯ ಹುಡುಗರು ಬೊಂಬಿನಿಂದ ತಳ್ಳಿ ತಳ್ಳಿ ನೀರನ್ನು ಚರಂಡಿಯ ಕಡೆ ಚೆಲ್ಲಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕ್ ಸತ್ತಿತು. ಗಾಯಕರು ಹಾಡುವುದನ್ನು ನಿಲ್ಲಿಸಿದರು, ಪಿಟೀಲಿನವರು ನಿಲ್ಲಿಸಲಿಲ್ಲ. ಆಧಾರ ಸ್ವರವಾದ ಷಡ್ಜವನ್ನೇ ಉದ್ದಕ್ಕೆ ಎಳೆಯುತ್ತ ಕತ್ತಲಲ್ಲಿ ಕೂತಿದ್ದರು. ಯಾರದೋ ಮನೆಯಿಂದ ಗ್ಯಾಸ್‌ಲೈಟು ಬಂತು. ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಸರಿದು ವೇದಿಕೆಗೆ ಆತುಕೊಂಡು ಕೂತರು. ನಾನು ಮೃದಂಗದವರ ಮೊಣಕಾಲಿಗೆ ಒಂದು ಗೇಣು ದೂರದಲ್ಲಿದ್ದೆ. ಥಂಡಿಗೆ ಶ್ರುತಿ ಇಳಿದಿತ್ತು ಅಂತ ಕಾಣುತ್ತದೆ, ಅವರು ಸಣ್ಣ ಕಲ್ಲಿನಿಂದ ಅಂಚನ್ನು ಕುಟ್ಟಿ, ಕಿವಿಗೊಟ್ಟು, ಮತ್ತೆ ಕುಟ್ಟಿ ಸರಿಮಾಡಿಕೊಂಡರು. ಎಡಗಡೆಗೆ ಮೆತ್ತಿದ ರವೆಗೆ ಬೆರಳದ್ದಿ ನೀರು ಸವರಿದರು. ಆಮೇಲೆ ತೋಡಿ ಬಿಟ್ಟಲ್ಲಿಂದಲೇ ಮುಂದುವರಿಯಿತು, ಮೈಕಿಲ್ಲದೆ. ಕರೆಂಟು ವಾಪಸು ಬಂದಾಗ ಮೈಕ್ ಹಾಕಲು ಹೊರಟ ಹುಡುಗನನ್ನು ಜನರೇ ತಡೆದರು. ಅವತ್ತು ಮಂಗಳ ಆಗುವಾಗ ಹನ್ನೊಂದು ಗಂಟೆ. ಒದ್ದೆ ಚಾಪೆ ಹೊತ್ತುಕೊಂಡು ಮನೆಗೆ ಬಂದು, ಆರಿದ ಸಾರನ್ನೇ ಕಲಸಿಕೊಂಡು ಉಂಡೆವು. ಅಣ್ಣ ಊಟದ ನಡುವೆಯೂ ತೋಡಿಯ ಗಾಂಧಾರ ಸ್ವರವನ್ನು ಗುನುಗುತ್ತಿದ್ದರು. ನಾನು ಸಂಗೀತ ಕಲಿಯಲಿಲ್ಲ, ಆದರೆ ಇವತ್ತಿಗೂ ಆ ಗಾಂಧಾರ ಕಿವಿಗೆ ಬಿದ್ದರೆ ಗುರುತು ಹಿಡಿಯುತ್ತೇನೆ.

ರಾಮನವಮಿ ಬಂತೆಂದರೆ ಅಣ್ಣ ಶಿವರಾಮಪೇಟೆಗೆ ಕರೆದೊಯ್ಯುತ್ತಿದ್ದರು. ಅಲ್ಲಿಯ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು ಆಸ್ಥಾನ ವಿದ್ವಾಂಸ ಬಿಡಾರಂ ಕೃಷ್ಣಪ್ಪನವರು (1866–1931). ಸಂಗೀತಗಾರರೊಬ್ಬರು ರಾಮನಿಗೂ ಸಂಗೀತಕ್ಕೂ ಒಂದೇ ಸೂರು ಮಾಡಿಕೊಟ್ಟ ಜಾಗ ಅದು. ಪಾನಕ, ಕೋಸಂಬರಿ, ನೀರುಮಜ್ಜಿಗೆ, ಆಮೇಲೆ ಕಛೇರಿ. ಕೃಷ್ಣಪ್ಪನವರ ಶಿಷ್ಯ ಪಿಟೀಲು ಚೌಡಯ್ಯನವರನ್ನು ಅಣ್ಣ ಕೇಳಿದ್ದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದವರು ಚೌಡಯ್ಯ. ಮೈಕ್ ಬಳಕೆಗೆ ಬರುವ ಮುಂಚಿನ ಆ ಕಾಲದಲ್ಲಿ ದೊಡ್ಡ ಸಭೆಯ ಕೊನೆಯಲ್ಲಿ ಕೂತವರಿಗೂ ನಾದ ಮುಟ್ಟಬೇಕೆಂಬುದು ಅವರ ಹಂಬಲವಾಗಿತ್ತು. ಹಿಂದಿನ ಸಾಲಿನವರ ಮೇಲೆ ಅಂಥ ಅಕ್ಕರೆ ಇಟ್ಟ ಕಲಾವಿದರ ಊರು ಇದು. ಆ ಹಿಂದಿನ ಸಾಲಿನ ಪರವಾಗಿಯೇ ನಾನು ಬರೆಯುತ್ತಿದ್ದೇನೆ.

ಕೃಷ್ಣಪ್ಪನವರ ಇನ್ನೊಂದು ದೊಡ್ಡ ಕೆಲಸ, ದಾಸರ ಪದಗಳಿಗೆ ಕಛೇರಿಯ ವೇದಿಕೆಯಲ್ಲಿ ಗೌರವದ ಜಾಗ ದೊರಕಿಸಿದ್ದು. ಇದನ್ನು ತಾವು ದಯವಿಟ್ಟು ಗಮನಿಸಬೇಕು. ಕಛೇರಿಯ ಕ್ರಮದಲ್ಲಿ ದೇವರನಾಮಗಳು, ಅಂದರೆ ಈ ದಾಸರ ಪದಗಳು, ಸಾಮಾನ್ಯವಾಗಿ ಬರುವುದು ತನಿ ಮುಗಿದ ಮೇಲೆ. ಮೊದಲ ಎರಡು ಗಂಟೆ ಹೆಚ್ಚಾಗಿ ತೆಲುಗು, ಸಂಸ್ಕೃತದ ಕೃತಿಗಳು. ಪುರಂದರದಾಸರೂ ಕನಕದಾಸರೂ ಕಾದಿದ್ದು ಕೊನೆಯ ಅರ್ಧ ಗಂಟೆಯಲ್ಲಿ ಬರುತ್ತಾರೆ. ಬಸ್ಸಿಗೆಂದು ತನಿಗೆ ಎದ್ದವರು ಕಳೆದುಕೊಳ್ಳುವುದು ಈ ಕನ್ನಡದ ಹಾಡುಗಳನ್ನೇ. ಅರ್ಥ ತಿಳಿದು, ಕಣ್ಣು ತುಂಬಿಕೊಂಡು ಕೇಳುವ ಭಾಗವನ್ನೇ ಬಿಟ್ಟು ನಾವು ನಿಲ್ದಾಣದಲ್ಲಿ ನಿಂತಿರುತ್ತೇವೆ.

ಜಗನ್ಮೋಹನ ಅರಮನೆಯ ಸಭಾಂಗಣ ನನ್ನ ಕಾಲೇಜು ದಿನಗಳ ನೆನಪು. 1861ರಲ್ಲಿ ಕಟ್ಟಿದ ಅರಮನೆ ಅದು. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ಅಧಿಕಾರ ವಹಿಸಿಕೊಂಡದ್ದೂ ಅಲ್ಲೇ. ಬಣ್ಣದ ಗಾಜಿನ ಕೆಳಗೆ ಕೂತು ವೀಣೆ ಕೇಳಿದ ಒಂದು ಸಂಜೆಯ ಬಗ್ಗೆ ಬರೆಯಹೊರಟರೆ ಈ ಪತ್ರ ಮುಗಿಯುವುದಿಲ್ಲ.

ಆಗ ಕಛೇರಿಗೆ ಬರುತ್ತಿದ್ದವರು ಸುತ್ತಲಿನ ಬೀದಿಗಳವರು. ಒಂಟಿಕೊಪ್ಪಲು, ಅಗ್ರಹಾರ, ಲಕ್ಷ್ಮೀಪುರಂ, ಚಾಮುಂಡಿಪುರಂ, ಎಲ್ಲ ನಡೆದು ಹೋಗುವ ದೂರ. ನಾವೆಲ್ಲ ಈಗ ಬೋಗಾದಿ, ರಾಮಕೃಷ್ಣನಗರ, ಶ್ರೀರಾಂಪುರ, ವಿಜಯನಗರ ನಾಲ್ಕನೇ ಹಂತ ಅಂತ ಚದುರಿ ಹೋಗಿದ್ದೇವೆ. ಸಂಗೀತ ನಿಂತಿಲ್ಲ. ಎಂಟನೇ ಕ್ರಾಸಿನ ಚಪ್ಪರ ಪ್ರತಿ ವರ್ಷ ಏಳುತ್ತದೆ. ಕುವೆಂಪುನಗರದಲ್ಲಿ ಗಾನಭಾರತಿಯವರ ವೀಣೆ ಶೇಷಣ್ಣ ಭವನವಿದೆ, ಜೆಎಲ್‌ಬಿ ರಸ್ತೆಯಲ್ಲಿ ನಾದಬ್ರಹ್ಮ ಸಂಗೀತ ಸಭಾ ಇದೆ. ಹಾಡುವ ಮಕ್ಕಳು ನಮ್ಮ ಕಾಲಕ್ಕಿಂತ ಹೆಚ್ಚಾಗಿದ್ದಾರೆ, ಚೆನ್ನಾಗಿಯೂ ಹಾಡುತ್ತಾರೆ. ಕೇಳುವವರು ಮಾತ್ರ ಗಡಿಯಾರ ನೋಡುತ್ತ ಕೂರಬೇಕಾಗಿದೆ.

ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ 2000ನೇ ಇಸವಿಯಿಂದ ಇದೆ. ಅದಕ್ಕೆ ನನ್ನ ತಕರಾರಿಲ್ಲ. ಹಬ್ಬದ ದಿನಗಳಲ್ಲಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಅನುಮತಿ ಕೊಡುವ ಅವಕಾಶ ಸರ್ಕಾರಕ್ಕೆ ಇದ್ದರೂ ನಾನು ಅದನ್ನು ಕೇಳುತ್ತಿಲ್ಲ. ಬೀದಿಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಹಾಸಿಗೆ ಹಿಡಿದವರಿರುತ್ತಾರೆ. ಆರೂವರೆಗೆ ಶುರುವಾದ ಕಛೇರಿ ಒಂಬತ್ತೂವರೆಗೆ ಮುಗಿದರೆ ಸಾಕು. ಮುಗಿದ ಮೇಲೆ ಮನೆಗೆ ಹೋಗುವ ದಾರಿ ಇರಲಿ.

ಸರ್ಕಾರ 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ತಂದಾಗ ನನ್ನಂಥವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಧಾರ್ ಕಾರ್ಡ್ ತೋರಿಸಿ ಸಂಜೆ ಐದೂವರೆಯ ಬಸ್ಸಿಗೆ ಹತ್ತಿ ಕಛೇರಿಗೆ ಹೋಗುವ ಗೆಳತಿಯರ ಗುಂಪೇ ನಮ್ಮ ಬಡಾವಣೆಯಲ್ಲಿ ಆಯಿತು. ಮಗನನ್ನು ಕೇಳಬೇಕಿಲ್ಲ, ಸೊಸೆಯ ಹತ್ತಿರ ದುಡ್ಡು ತೆಗೆದುಕೊಳ್ಳಬೇಕಿಲ್ಲ. ಹೋಗುವುದು ಹೀಗೆ ಸಲೀಸು. ಬರುವಾಗ ಆಟೊದವರು ಹೇಳಿದ್ದೇ ರೇಟು, ಅದೂ ಬೋಗಾದಿ ಎಂದ ಕೂಡಲೇ ಹಲವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಫೋನಿನಲ್ಲಿ ಗಾಡಿ ತರಿಸುವುದು ನಮ್ಮಲ್ಲಿ ಎಲ್ಲರಿಗೂ ಬರುವುದಿಲ್ಲ.

ನನ್ನ ಕೋರಿಕೆ ಇಷ್ಟು. ಗೌರಿ-ಗಣೇಶ, ರಾಮನವಮಿ ಮತ್ತು ಸಭಾಗಳ ವಾರ್ಷಿಕ ಸಂಗೀತೋತ್ಸವಗಳ ದಿನಗಳು ಮೊದಲೇ ಗೊತ್ತಿರುತ್ತವೆ. ಸಭಾಗಳವರನ್ನು ಒಮ್ಮೆ ಕರೆಸಿ ಆ ದಿನಾಂಕಗಳನ್ನು ತೆಗೆದುಕೊಳ್ಳಿ. ಆ ದಿನಗಳಲ್ಲಿ ಮಾತ್ರ, ರಾತ್ರಿ ಒಂಬತ್ತೂ ಮುಕ್ಕಾಲಿಗೆ ಕಛೇರಿ ನಡೆಯುವ ಜಾಗದ ಹತ್ತಿರದಿಂದ ಒಂದು ಬಸ್ಸು ಸಿಟಿ ಬಸ್ ನಿಲ್ದಾಣಕ್ಕೆ ಹೊರಡಲಿ, ಅದು ಬರುವವರೆಗೆ ಬಡಾವಣೆಗಳ ಕಡೆಯ ಕೊನೆಯ ಬಸ್ಸುಗಳು ಕಾಯಲಿ. ರೈಲ್ವೆ ನಿಲ್ದಾಣದಲ್ಲಿರುವಂಥ ಪ್ರೀಪೇಯ್ಡ್ ಆಟೊ ವ್ಯವಸ್ಥೆಯನ್ನು ಆ ದಿನಗಳ ಮಟ್ಟಿಗೆ ಹತ್ತಿರದ ವೃತ್ತದಲ್ಲಿ ಮಾಡಿದರೂ ಆದೀತು. ಸಾರಿಗೆಯವರು, ಪೊಲೀಸರು, ಪಾಲಿಕೆಯವರು ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಬಲ್ಲವರು ತಾವು. ದಸರೆಯಲ್ಲಿ ಅರಮನೆಯ ಮುಂದಿನ ಕಛೇರಿಗಳಿಗೆ, ದೀಪಾಲಂಕಾರಕ್ಕೆ ಬರುವ ಲಕ್ಷಾಂತರ ಜನರನ್ನು ಊರು ಸೇರಿಸುವ ಜಿಲ್ಲಾಡಳಿತಕ್ಕೆ ಇದು ಭಾರವಾಗದು.

ರೇಡಿಯೊ ಇದೆಯಲ್ಲ, ಯೂಟ್ಯೂಬ್ ಇದೆಯಲ್ಲ, ಮನೆಯಲ್ಲೇ ಕೇಳಿ ಎಂದು ನನ್ನ ಮಗನೂ ಹೇಳುತ್ತಾನೆ. ರೇಡಿಯೊ ಬಗ್ಗೆ ನಮಗೆ ಪ್ರೀತಿ ಕಡಿಮೆಯೇನಲ್ಲ, 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ರೇಡಿಯೊ ಕೇಂದ್ರವನ್ನು ಆರಂಭಿಸಿದ್ದು ನಮ್ಮ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ. ಅಮ್ಮ ಮೇಲೇಳಲಾಗದ ಕೊನೆಯ ವರ್ಷಗಳಲ್ಲಿ ರೇಡಿಯೊ ಕೇಳಿಯೇ ದಿನ ಕಳೆದಳು. ಆದರೂ ಕೇಳುತ್ತ ಕೇಳುತ್ತ, "ಪಕ್ಕದಲ್ಲಿ ಭಲೇ ಅನ್ನೋಕೆ ಯಾರೂ ಇಲ್ಲ ಕಣೆ" ಅನ್ನುತ್ತಿದ್ದಳು.

ನನ್ನ ಜೊತೆ ಕಛೇರಿಗೆ ಬರುವ ಅಕ್ಕ ಒಬ್ಬರಿದ್ದಾರೆ, ಎದುರು ಮನೆಯವರು, ಎಪ್ಪತ್ತೆಂಟು ವರ್ಷ. ಆದಿತಾಳವನ್ನು ಬೆರಳೆಣಿಸಿ ಹಾಕುವುದನ್ನು ನನಗೆ ಕಲಿಸಿದವರು ಅವರು. ಹಾಡುವಾಗ ಆದ ಲೋಪದೋಷಗಳೆಲ್ಲ ಕೊನೆಯಲ್ಲಿ ಹಾಡುವ ಮಧ್ಯಮಾವತಿ ರಾಗದಲ್ಲಿ ಕಳೆದುಹೋಗುತ್ತವೆ ಎಂದು ಅವರ ಗುರುಗಳು ಹೇಳಿದ್ದರಂತೆ. ಆ ಮಧ್ಯಮಾವತಿಯನ್ನು ಸಭೆಯಲ್ಲಿ ಕೂತು ಕೇಳಿ ಅವರಿಗೆ ಐದಾರು ವರ್ಷವಾಯಿತು. ರಾಮನವಮಿಯ ದಿನ ಎದ್ದು ಹೋದ ಮೂವತ್ತೊಂದು ಜನರಲ್ಲಿ ಅವರೂ ಒಬ್ಬರು. ಅವತ್ತು ಮಗ ಕಾರು ತಂದಿದ್ದರಿಂದ ನಾನು ಉಳಿದೆ. ಬೇರೆ ಗೆಳತಿಯರ ಜೊತೆ ಬಂದಿದ್ದ ಅಕ್ಕ ಆ ಗೆಳತಿಯರನ್ನು ಬಿಟ್ಟು ನನ್ನ ಜೊತೆ ಬರಲು ಒಪ್ಪಲಿಲ್ಲ. ಬರುವ ಗೌರಿ ಹಬ್ಬಕ್ಕೆ ಮುಂಚೆ ಆ ಬಸ್ಸಿನ ಹೊತ್ತು ಗೊತ್ತಾದರೆ, ಎಂಟನೇ ಕ್ರಾಸಿಗೆ ಬೇಗ ಹೋಗಿ ಅವರಿಗೂ ಅವರ ಗೆಳತಿಯರಿಗೂ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ,
ಬೋಗಾದಿ, ಮೈಸೂರು